ಮೇಜಿನ ಮೇಲೆ 40 ಕವರು, ಕೈಯಲ್ಲಿ 7 ಪರೀಕ್ಷೆ

ಒಂಟಿಯಾಗಿದ್ದ ಮುದುಕರೊಬ್ಬರು ಮನೆಯೊಳಗೆ ಸತ್ತು ಬಿದ್ದಿದ್ದಾರೆ. ಕೈಗಳಿಗೆ ಟೇಪು ಸುತ್ತಿದೆ. ಹಿಂದಿನ ಕಿಟಕಿಯ ಗಾಜು ಒಡೆದಿದೆ. ಬೀರುವಿನ ಡ್ರಾಯರನ್ನು ಯಾರೋ ಎಳೆದು ಬಿಸಾಡಿದ್ದಾರೆ. ತನಿಖಾಧಿಕಾರಿ ವಿಧಿವಿಜ್ಞಾನ ಲ್ಯಾಬಿಗೆ ಸಾಕ್ಷ್ಯಗಳ 40 ಕವರು ಕಳಿಸಿದ್ದಾರೆ. ಜೊತೆಗೆ ಒಂದು ಸಾಲಿನ ಪತ್ರ: ಎಲ್ಲವನ್ನೂ ಪರೀಕ್ಷಿಸಿ ವರದಿ ಕೊಡಿ. ಲ್ಯಾಬಿನಲ್ಲಿರುವ ಹಣಕ್ಕೆ ಆಗುವುದು ಏಳು ಡಿಎನ್ಎ ಪರೀಕ್ಷೆ ಮಾತ್ರ.

ಇದು ನಾನು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಕೊಡುವ ಲೆಕ್ಕ. ನಿಜವಾದ ಕೇಸಲ್ಲ. ಆದರೆ ಇದರಲ್ಲಿರುವಂಥ ಕವರುಗಳೆಲ್ಲ ಒಂದಲ್ಲ ಒಂದು ಕೇಸಿನಲ್ಲಿ ನನ್ನ ಮೇಜಿಗೆ ಬಂದಂಥವೇ. ಎಷ್ಟೇ ಅನುಕೂಲ ಇರುವ ಲ್ಯಾಬಾದರೂ ಒಂದು ದಿನ ಈ ಲೆಕ್ಕ ಮಾಡಲೇಬೇಕಾಗುತ್ತದೆ. ಹಣ ಮುಗಿಯುತ್ತದೆ, ಇಲ್ಲವೇ ಸಮಯ ಮುಗಿಯುತ್ತದೆ, ಇಲ್ಲವೇ ಮಾದರಿಯೇ ಮುಗಿದುಹೋಗುತ್ತದೆ.

ಹೊಸಬರು ಮೊದಲು ಕೇಳುವುದು, "ಯಾವ ಕವರಿನಲ್ಲಿ ಡಿಎನ್ಎ ಸಿಗಬಹುದು?" ಅಂತ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಈ ಪರೀಕ್ಷೆಯಲ್ಲಿ ಹೌದು ಅಂತ ಬಂದರೆ ತನಿಖಾಧಿಕಾರಿ ನಾಳೆ ಬೆಳಿಗ್ಗೆ ಏನು ಮಾಡುತ್ತಾರೆ? ಇಲ್ಲ ಅಂತ ಬಂದರೆ ಏನು ಮಾಡುತ್ತಾರೆ? ಎರಡಕ್ಕೂ ಒಂದೇ ಉತ್ತರ ಆದರೆ ಆ ಕವರನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಈ ಪಾಠ ನನಗೆ ಸುಲಭವಾಗಿ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಥದ್ದೇ ಒಂದು ಮನೆಯ ಸೋಫಾದಿಂದ ಎತ್ತಿದ ಕೂದಲುಗಳನ್ನೆಲ್ಲ ಪರೀಕ್ಷೆಗೆ ಹಾಕಿಸಿದೆ. ತಾನಾಗಿ ಉದುರಿದ ಕೂದಲಿನಲ್ಲಿ ಬೇರು ಸರಿಯಾಗಿ ಇರುವುದಿಲ್ಲ. ಹಾಗಾಗಿ ಮೈಟೊಕಾಂಡ್ರಿಯದ ಡಿಎನ್ಎ ನೋಡಬೇಕಾಯಿತು. ಅದು ತಾಯಿಯ ಕಡೆಯಿಂದ ಬರುವಂಥದ್ದು, ಒಬ್ಬ ತಾಯಿಯ ಮಕ್ಕಳಿಗೆಲ್ಲ ಒಂದೇ. ವಾರಗಟ್ಟಲೆ ಕೆಲಸ ಮಾಡಿದ ಮೇಲೆ ಸಿಕ್ಕ ಉತ್ತರ ಇಷ್ಟು: ಕೂದಲು ಆ ಮನೆಯವರದೇ. ಆ ಮನೆಯಲ್ಲಿ ಆ ಮನೆಯವರು ಕೂರುತ್ತಾರೆ ಅನ್ನುವುದು ಮೊದಲೇ ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಹಣ ತೀರಿತ್ತು. ಡ್ರಾಯರಿನ ಒಳಬದಿಯಲ್ಲಿ ಒಂದು ಸಣ್ಣ ರಕ್ತದ ಕಲೆ ಇತ್ತು. ಅದನ್ನು ಒರೆಸಿ ತೆಗೆದ ಹತ್ತಿಕಡ್ಡಿ, ಅಂದರೆ ಸ್ವ್ಯಾಬು, ಒದ್ದೆಯಾಗಿಯೇ ಪ್ಲಾಸ್ಟಿಕ್ ಕವರಿನಲ್ಲಿ ಉಳಿಯಿತು. ಮುಂದೆ ಹಣ ಸಿಕ್ಕಾಗ ತೆಗೆದು ನೋಡಿದರೆ ಬೂಸಲು ಹಿಡಿದಿತ್ತು. ಏನೂ ಸಿಗಲಿಲ್ಲ. ಆ ಆಯ್ಕೆ ನನ್ನದು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಸರಿ, ಲೆಕ್ಕಕ್ಕೆ ಬರೋಣ. ಅನುಮಾನ ಇರುವುದು ಇಬ್ಬರ ಮೇಲೆ. ಒಬ್ಬ ವಾರಕ್ಕೊಮ್ಮೆ ಬಂದು ಹೋಗುವ ಅಣ್ಣನ ಮಗ. ಇನ್ನೊಬ್ಬ ತಿಂಗಳ ಹಿಂದೆ ನಲ್ಲಿ ರಿಪೇರಿಗೆ ಅಂತ ಒಮ್ಮೆ ಬಂದವನು. ಈಗ ಕವರುಗಳನ್ನು ನೋಡಿ. ಮೇಜಿನ ಮೇಲಿದ್ದ ಲೋಟದಲ್ಲಿ ಅಣ್ಣನ ಮಗನ ಬೆರಳಚ್ಚು ಸಿಕ್ಕಿತು ಅಂದುಕೊಳ್ಳಿ. ಏನಾಯಿತು? ವಾರವಾರ ಬರುವವನು ಲೋಟ ಮುಟ್ಟದೆ ಇರುತ್ತಾನಾ? ಅಡುಗೆಮನೆಯ ನಲ್ಲಿಯಲ್ಲಿ ರಿಪೇರಿಯವನ ಬೆರಳಚ್ಚು ಸಿಕ್ಕರೂ ಅದೇ ಕಥೆ. ಅವನ ಮಾತಿಗೂ ಅದು ಸರಿಹೊಂದುತ್ತದೆ, ನಮ್ಮ ಅನುಮಾನಕ್ಕೂ ಸರಿಹೊಂದುತ್ತದೆ. ಎರಡು ಕಥೆಗೂ ಹೊಂದುವ ಸಾಕ್ಷ್ಯಕ್ಕೆ ಮೊದಲ ಸರದಿಯಲ್ಲಿ ಜಾಗ ಇಲ್ಲ. ಹೀಗೆ ನೋಡುತ್ತಾ ಹೋದರೆ 40 ಕವರಲ್ಲಿ 30ಕ್ಕಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತವೆ, ಒಂದು ಪರೀಕ್ಷೆಯ ಖರ್ಚೂ ಇಲ್ಲದೆ.

ಇದಕ್ಕೆ ತನಿಖಾಧಿಕಾರಿ ಜೊತೆ ಕೂತು ಮಾತಾಡಬೇಕು. ಶಂಕಿತ ಏನು ಹೇಳಿದ್ದಾನೆ, ಎಲ್ಲಿಗೆಲ್ಲ ಹೋಗಿದ್ದೆ ಅಂತ ಒಪ್ಪಿಕೊಂಡಿದ್ದಾನೆ, ಅದು ಗೊತ್ತಿಲ್ಲದೆ ಕವರು ಆರಿಸಲು ಆಗುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಇದನ್ನೆಲ್ಲ ಕೇಳಿ ಕವರು ಆರಿಸುವವರು ಬೇರೆ, ಬೆರಳಚ್ಚು ಹೋಲಿಸಿ ನೋಡುವವರು ಬೇರೆ ಇದ್ದರೆ ಒಳ್ಳೆಯದು. ಯಾರ ಮೇಲೆ ಅನುಮಾನ ಅಂತ ಗೊತ್ತಿದ್ದವರ ಕಣ್ಣು ಅತ್ತಲೇ ವಾಲುತ್ತದೆ.

ಉಳಿದವುಗಳಲ್ಲಿ ಕಿಟಕಿಯ ಗಾಜು ನನಗೆ ಮೊದಲು ಬೇಕು. ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಚೂರಿನ ಅಂಚಿನಲ್ಲಿ ಕಂದು ಬಣ್ಣದ ಕಲೆ ಇದೆ. ರಕ್ತವೇ ಆಗಿದ್ದರೆ, ಗಾಜು ಒಡೆದ ಮೇಲೆ ಅಲ್ಲಿ ಕೈ ಹಾಕಿದವರದು. ಅದಕ್ಕೆ ಬೇರೆ ಕಾರಣ ಹೇಳುವುದು ಕಷ್ಟ. ಆದರೆ ನೇರವಾಗಿ ಡಿಎನ್ಎಗೆ ಹೋಗಬೇಡಿ. ಸೋಸು ಕಾಗದವನ್ನು ಎರಡು ಸಲ ಮಡಚಿ, ಅದರ ತುದಿಯಿಂದ ಕಲೆಯನ್ನು ಸುಮ್ನೆ ಸವರಿದರೆ ಸಾಕು. ಕಾಗದದ ಮೇಲೆ ಒಂದು ಹನಿ ಆಲ್ಕೊಹಾಲ್, ಆಮೇಲೆ ರಕ್ತ ಪತ್ತೆಗೆ ಬಳಸುವ ಕ್ಯಾಸಲ್-ಮೇಯರ್ ದ್ರಾವಣದ ಒಂದು ಹನಿ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈಗಲೇ ಗುಲಾಬಿ ಬಣ್ಣ ಬಂದರೆ ಅದು ಬೇರೇನೋ ರಾಸಾಯನಿಕದ ಕೆಲಸ, ಪರೀಕ್ಷೆ ಲೆಕ್ಕಕ್ಕಿಲ್ಲ. ಬಣ್ಣ ಬರದಿದ್ದರೆ ಹೈಡ್ರೋಜನ್ ಪೆರಾಕ್ಸೈಡಿನ ಹನಿ ಬಿಡಿ. ಕೆಲವೇ ಸೆಕೆಂಡಿನಲ್ಲಿ ಕಡು ಗುಲಾಬಿಯಾದರೆ ರಕ್ತ ಇರಬಹುದು. ತುಂಬ ಹೊತ್ತು ಇಟ್ಟರೆ ಗಾಳಿಗೇ ಗುಲಾಬಿಯಾಗುತ್ತದೆ, ಅದನ್ನು ನಂಬಬಾರದು. ಕೆಲವು ತರಕಾರಿಗಳ ರಸಕ್ಕೂ ಬಣ್ಣ ಬರುವುದುಂಟು. ಹಾಗಾಗಿ ಇದು ರಕ್ತ ಅಂತ ಸಾಬೀತು ಮಾಡುವುದಿಲ್ಲ. ಆದರೆ ಬಣ್ಣ ಬರಲೇ ಇಲ್ಲ ಅಂದರೆ, ಆ ಕಲೆಗೆ ಎತ್ತಿಟ್ಟಿದ್ದ ದುಬಾರಿ ಪರೀಕ್ಷೆ ಬೇರೆ ಕವರಿಗೆ ಸಿಗುತ್ತದೆ. ಮೂರು ಹನಿಯಲ್ಲಿ ಇಷ್ಟು ಕೆಲಸ ಆಗುತ್ತದೆ.

ಕಣ್ಣಿಗೆ ಕಾಣುವ ರಕ್ತ ಇದ್ದಾಗ ಇಡೀ ಕೋಣೆಗೆ ಲುಮಿನಾಲ್, ಅಂದರೆ ರಕ್ತ ತಗುಲಿದರೆ ಕತ್ತಲಲ್ಲಿ ಹೊಳೆಯುವ ದ್ರಾವಣ, ಸಿಂಪಡಿಸುವವರಿದ್ದಾರೆ. ದಯವಿಟ್ಟು ಬೇಡ. ಅದು ಬ್ಲೀಚಿಗೂ ಹೊಳೆಯುತ್ತದೆ, ತಾಮ್ರಕ್ಕೂ ಹೊಳೆಯುತ್ತದೆ. ಮೇಲಾಗಿ ಇರುವ ಅಲ್ಪಸ್ವಲ್ಪ ಕಲೆಯೂ ನೀರಾಗಿ ಹರಡುತ್ತದೆ.

ಟೇಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ 40 ಕವರಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಗಟ್ಟಿಯಾದ ಉತ್ತರ ಕೊಡಬಹುದಾದದ್ದು ಅದೇ. ಕೈಯಿಂದ ಹರಿದ ಟೇಪಿನ ತುದಿ ನೇರವಾಗಿ ಇರುವುದಿಲ್ಲ. ಒಂದು ಕಡೆ ಜಗ್ಗಿರುತ್ತದೆ, ಒಂದು ಕಡೆ ಎಳೆ ಎದ್ದಿರುತ್ತದೆ. ಶಂಕಿತನ ಮನೆಯಲ್ಲಿ ಟೇಪಿನ ಉರುಳೆ ಸಿಕ್ಕಿ, ಅದರ ತುದಿಗೆ ಈ ತುದಿ ಎಳೆಗೆ ಎಳೆ ಕೂಡಿಕೊಂಡರೆ, ಟೇಪು ಆ ಉರುಳೆಯದೇ ಅಂತ ಆಯಿತು. ಈ ಹೋಲಿಕೆಗೆ ಬೇಕಾದದ್ದು ಸೂಕ್ಷ್ಮದರ್ಶಕ, ಕ್ಯಾಮೆರಾ, ತಾಳ್ಮೆ. ಆದರೆ ಇದನ್ನು ಉಳಿಸಿಕೊಳ್ಳುವುದು ಘಟನಾ ಸ್ಥಳದಲ್ಲಿ. ಸತ್ತವರ ಕೈಯಿಂದ ಟೇಪು ಬಿಡಿಸುವಾಗ ಹರಿದ ತುದಿಯನ್ನು ಮುಟ್ಟದೆ ನಡುವೆ ಎಲ್ಲೋ ಕತ್ತರಿಸಬೇಕು. ನಾವು ಕತ್ತರಿಸಿದ ಕಡೆ ಗುರುತು ಹಾಕಬೇಕು. ಇಲ್ಲದಿದ್ದರೆ ಲ್ಯಾಬಿನಲ್ಲಿ ನಾಲ್ಕು ತುದಿ ಕಾಣುತ್ತವೆ, ಅದರಲ್ಲಿ ಅಪರಾಧಿಯದು ಯಾವುದು, ನಮ್ಮದು ಯಾವುದು ಅಂತ ತಿಳಿಯುವುದಿಲ್ಲ.

ಒಂದೇ ಟೇಪಿನಲ್ಲಿ ಮೂರು ಪರೀಕ್ಷೆಗೆ ಜಾಗ ಇದೆ. ತುದಿಯ ಆಕಾರ, ತುದಿಯಲ್ಲಿ ಅಂಟಿದ ಚರ್ಮದ ಕೋಶ, ಅಂಟಿನ ಬದಿಯಲ್ಲಿ ಮೂಡಿದ ಬೆರಳಚ್ಚು. ಇಲ್ಲಿ ಸರದಿ ತಪ್ಪಿದರೆ ಒಂದರಿಂದ ಇನ್ನೊಂದು ಹಾಳು. ಮೊದಲು ಫೋಟೊ ಮತ್ತು ತುದಿಯ ಹೋಲಿಕೆ. ಆಮೇಲೆ ತುದಿಗೆ ಸ್ವ್ಯಾಬು. ಕೊನೆಗೆ ಅಂಟಿನ ಬದಿಗೆ ಬೆರಳಚ್ಚು ಕಾಣಿಸುವ ಬಣ್ಣ. ಲೋಟಕ್ಕೂ, ಕಾಗದಕ್ಕೂ ಇದೇ ಕ್ರಮ. ಟಾರ್ಚನ್ನು ಓರೆಯಾಗಿ ಹಿಡಿದು ನೋಡುವುದರಿಂದ ಏನೂ ಹಾಳಾಗುವುದಿಲ್ಲ, ಅದು ಯಾವಾಗಲೂ ಮೊದಲು. ಒಂದೇ ಬ್ರಷ್ಷಿನಿಂದ ಹತ್ತು ಕಡೆ ಬೆರಳಚ್ಚಿನ ಪುಡಿ ಹಚ್ಚಿದರೆ ಒಬ್ಬರ ಕೋಶ ಇನ್ನೊಂದು ಕಡೆ ಹೋಗಬಹುದು ಅನ್ನುವುದೂ ನೆನಪಿರಲಿ.

ಈಗ ಏಳನ್ನು ಹಂಚೋಣ. ಹೊಸಬರು ಏಳನ್ನೂ ಘಟನಾ ಸ್ಥಳದ ಕವರುಗಳಿಗೇ ಕೊಟ್ಟುಬಿಡುತ್ತಾರೆ. ಸತ್ತವರ ಮಾದರಿ? ಗಾಜಿನ ಮೇಲಿನ ರಕ್ತ ಅವರದ್ದೇ ಆಗಿದ್ದರೆ? ಅದಕ್ಕೊಂದು ತೆಗೆದಿಡಿ. ಇಬ್ಬರು ಶಂಕಿತರಿಗೆ ಎರಡು. ಉಳಿದದ್ದು ನಾಲ್ಕೇ. ಶಂಕಿತರ ಎರಡನ್ನು ಈಗಲೇ ಖರ್ಚು ಮಾಡಬೇಡಿ. ಮೊದಲು ಗಾಜಿನಿಂದ, ಟೇಪಿನಿಂದ ಹೋಲಿಸಲು ಆಗುವಂಥ ಫಲಿತಾಂಶ ಬರುತ್ತದಾ ನೋಡಿ. ಬರದಿದ್ದರೆ ಅವರ ಮಾದರಿ ಯಾವುದರ ಜೊತೆ ಹೋಲಿಸುತ್ತೀರಿ?

ಪೂರ್ತಿ ಪರೀಕ್ಷೆಗೆ ಮುಂಚೆ ಎಷ್ಟು ಡಿಎನ್ಎ ಇದೆ ಅಂತ ಅಳೆಯುವ ಹಂತ ಒಂದಿದೆ. ಅಲ್ಲಿ ನಿಲ್ಲುವುದನ್ನು ಕಲಿಯಬೇಕು. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 6 ಪಿಕೊಗ್ರಾಂ ಡಿಎನ್ಎ ಇರುತ್ತದೆ. ನೆಮ್ಮದಿಯಾಗಿ ಕೆಲಸ ಮಾಡಲು ಅರ್ಧದಿಂದ ಒಂದು ನ್ಯಾನೊಗ್ರಾಂ (ಒಂದು ನ್ಯಾನೊಗ್ರಾಂ ಅಂದರೆ ಸಾವಿರ ಪಿಕೊಗ್ರಾಂ) ಇದ್ದರೆ ಚೆನ್ನ, ಅಂದರೆ 80ರಿಂದ 160 ಕೋಶ. ರಕ್ತದ ಕಲೆಯಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಬಾಗಿಲ ಹಿಡಿಯಲ್ಲಿ ನಾಲ್ಕಾರು ಜನರ ಕೋಶ ಚೂರುಚೂರು ಬೆರೆತು ಸಿಗುತ್ತದೆ, ಬಿಡಿಸುವುದು ಬಹಳ ಕಷ್ಟ. ಗಾಜಿಗೆ ಒಂದು, ಟೇಪಿನ ತುದಿಗೆ ಒಂದು, ಡ್ರಾಯರಿನ ಒಳಬದಿಗೆ ಒಂದು. ಕೊನೆಯದನ್ನು ನಾನು ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲ ಫಲಿತಾಂಶ ಬಂದ ಮೇಲೆ ಹೊಸ ಪ್ರಶ್ನೆ ಹುಟ್ಟೇ ಹುಟ್ಟುತ್ತದೆ.

ಅಗ್ಗದ ಪರೀಕ್ಷೆಯನ್ನು ಜರಡಿಯಾಗಿ ಬಳಸುವುದಕ್ಕೆ ಒಂದು ದೊಡ್ಡ ಉದಾಹರಣೆ ಡಿಎನ್ಎ ಚರಿತ್ರೆಯ ಆರಂಭದಲ್ಲೇ ಇದೆ. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು ಹದಿಹರೆಯದ ಹುಡುಗಿ ಕೊಲೆಯಾದರು. 17 ವರ್ಷದ ಹುಡುಗನೊಬ್ಬ ಎರಡನೆಯ ಕೊಲೆ ಒಪ್ಪಿಕೊಂಡಿದ್ದ. 1984ರಲ್ಲಿ ಡಿಎನ್ಎ ಗುರುತು ಕಂಡುಹಿಡಿದಿದ್ದ ಅಲೆಕ್ ಜೆಫ್ರೀಸ್ ಪರೀಕ್ಷೆ ಮಾಡಿ, ಎರಡೂ ಒಬ್ಬನದೇ ಕೃತ್ಯ, ಆದರೆ ಈ ಹುಡುಗನದಲ್ಲ ಅಂತ ತೋರಿಸಿದರು. ಆಮೇಲೆ ಪೊಲೀಸರು ಸುತ್ತಲಿನ ಐದು ಸಾವಿರ ಚಿಲ್ಲರೆ ಗಂಡಸರ ಮಾದರಿ ತೆಗೆದರು. ಅಷ್ಟೂ ಜನಕ್ಕೆ ಡಿಎನ್ಎ ಮಾಡಲಿಲ್ಲ. ಮೊದಲು ರಕ್ತದ ಗುಂಪು ಮತ್ತು ಒಂದು ಕಿಣ್ವದ ಬಗೆ ನೋಡಿದರು. ಅಪರಾಧಿಯ ಜೊತೆ ಹೊಂದುವವರು ಸುಮಾರು ನೂರಕ್ಕೆ ಹತ್ತು ಮಂದಿ. ಡಿಎನ್ಎ ಅವರಿಗೆ ಮಾತ್ರ. ಇಷ್ಟಾದರೂ ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ಜರಡಿಯಲ್ಲಿ ಸಿಗಲಿಲ್ಲ. ಅವನ ಹೆಸರಿನಲ್ಲಿ ಸಹೋದ್ಯೋಗಿಯೊಬ್ಬ ರಕ್ತ ಕೊಟ್ಟಿದ್ದ. ಆ ಸಹೋದ್ಯೋಗಿ ಬಾಯಿ ಬಿಟ್ಟ ಮಾತು ಪೊಲೀಸರ ಕಿವಿಗೆ ಬಿದ್ದು 1987ರಲ್ಲಿ ಪಿಚ್‌ಫೋರ್ಕ್ ಸಿಕ್ಕಿಬಿದ್ದ, 1988ರಲ್ಲಿ ಶಿಕ್ಷೆಯಾಯಿತು. ಹುಡುಗ ಬಿಡುಗಡೆಯಾದದ್ದನ್ನು ನಾನು ಪ್ರತಿ ತರಗತಿಯಲ್ಲೂ ಮೊದಲು ಹೇಳುತ್ತೇನೆ. ಆ ಪರೀಕ್ಷೆ ಮೊದಲು ಉಳಿಸಿದ್ದು ಒಬ್ಬ ನಿರಪರಾಧಿಯನ್ನು. ಹಣ ಕಡಿಮೆ ಇದ್ದಾಗ ಶಂಕಿತನನ್ನು ಬಿಡಿಸಬಲ್ಲ ಪರೀಕ್ಷೆಯನ್ನು ಕೈಬಿಡುವ ಆಸೆ ಬರುತ್ತದೆ. ಅದೊಂದನ್ನು ಮಾತ್ರ ಮಾಡಬೇಡಿ.

ಕೈಬಿಡಬಾರದ ಇನ್ನೊಂದು ಖಾಲಿ ಸ್ವ್ಯಾಬು. ಏನನ್ನೂ ಮುಟ್ಟಿಸದ ಸ್ವ್ಯಾಬನ್ನೂ ಉಳಿದವುಗಳ ಜೊತೆಗೇ ಪರೀಕ್ಷೆಗೆ ಹಾಕುವುದು ದಂಡದ ಖರ್ಚು ಅಂತ ಕಾಣಬಹುದು. ಜರ್ಮನಿಯಲ್ಲಿ 2007ರಲ್ಲಿ ಹೈಲ್‌ಬ್ರಾನ್ ಊರಿನಲ್ಲಿ ಪೊಲೀಸ್ ಮಹಿಳೆಯೊಬ್ಬರ ಕೊಲೆಯಾಯಿತು. ಅಲ್ಲಿ ಸಿಕ್ಕ ಡಿಎನ್ಎ ಬೇರೆ ಬೇರೆ ದೇಶಗಳ ಹತ್ತಾರು ಅಪರಾಧ ಸ್ಥಳಗಳಲ್ಲೂ ಸಿಕ್ಕಿತ್ತು. ಎಲ್ಲರೂ ಒಬ್ಬ ಹೆಂಗಸಿಗಾಗಿ ಹುಡುಕಿದರು. 2009ರಲ್ಲಿ ಗೊತ್ತಾಯಿತು, ಆ ಡಿಎನ್ಎ ಹತ್ತಿಯ ಸ್ವ್ಯಾಬು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ ಹೆಂಗಸಿನದು. ಕ್ರಿಮಿ ಇಲ್ಲದ ಸ್ವ್ಯಾಬಿನಲ್ಲೂ ಡಿಎನ್ಎ ಇರಬಹುದು, ಅಲ್ವಾ?

ಸಮಯ ನೋಡಿಯೂ ಕವರು ಆರಿಸಬೇಕು. ಗುಂಡು ಹಾರಿಸಿದವನ ಕೈಗೆ ಅಂಟಿದ ಮದ್ದಿನ ಕಣಗಳು ಕೆಲವೇ ಗಂಟೆಯಲ್ಲಿ ಬಹುಪಾಲು ಉದುರುತ್ತವೆ. ಎರಡು ದಿನದ ಮೇಲೆ ಸಿಕ್ಕವನ ಕೈಗೆ ಸ್ವ್ಯಾಬು ಹಾಕುವುದಕ್ಕಿಂತ ಅವನ ಅಂಗಿ ಹುಡುಕುವುದು ಮೇಲು. ಒದ್ದೆ ಬಟ್ಟೆಯನ್ನು ಇವತ್ತೇ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಗಾಜಿನ ಚೂರು ಹತ್ತು ವರ್ಷ ಆದರೂ ಹಾಗೇ ಇರುತ್ತದೆ.

ಪಕ್ಕಕ್ಕಿಟ್ಟ ಕವರುಗಳನ್ನು ಮರೆತುಬಿಡುವ ಹಾಗಿಲ್ಲ. ಅವುಗಳ ಸೀಲು, ಸಂಖ್ಯೆ, ಇಟ್ಟ ಜಾಗ ಎಲ್ಲ ದಾಖಲಾಗಬೇಕು. ಪರೀಕ್ಷೆ ಮಾಡಿದ ಕಲೆಯಲ್ಲೂ ಸಾಧ್ಯವಾದರೆ ಅರ್ಧ ಉಳಿಸಿಡಿ, ಆರೋಪಿಯ ಪರವಾಗಿ ಇನ್ನೊಂದು ಲ್ಯಾಬು ಅದನ್ನು ಕೇಳಬಹುದು. ವರದಿಯ ಕೊನೆಯ ಪುಟದಲ್ಲಿ ನಾನು ಪರೀಕ್ಷಿಸದ ಕವರುಗಳ ಸಂಖ್ಯೆಗಳನ್ನು ಒಂದೊಂದಾಗಿ ಬರೆಯುತ್ತೇನೆ, ಯಾಕೆ ಪರೀಕ್ಷಿಸಲಿಲ್ಲ ಅಂತ ಪ್ರತಿಯೊಂದರ ಮುಂದೆ ಒಂದು ಸಾಲು. ನ್ಯಾಯಾಲಯದಲ್ಲಿ ವಕೀಲರು ಮೊದಲು ತಿರುಗಿಸುವುದು ಆ ಪುಟವನ್ನೇ.