ವೈಫೈಯಲ್ಲಿ ಐಪಿ ವಿಳಾಸಗಳ ಘರ್ಷಣೆ: ರೌಟರನ್ನು ಆಫ್ ಮಾಡಿ ಆನ್ ಮಾಡಿದರೆ ಸಾಲದು

ಬೆಂಗಳೂರಿನ ಸಣ್ಣ ಕಚೇರಿ, ಕ್ಲಿನಿಕ್ ಮತ್ತು ಪಿಜಿಗಳ ವೈಫೈ ಜಾಲಗಳನ್ನು ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರೊಂದಿದೆ. ಸಿಗ್ನಲ್ ಪೂರ್ತಿ ಇರುತ್ತದೆ, ಆದರೆ ಒಂದೆರಡು ಉಪಕರಣಗಳಲ್ಲಿ ಮಾತ್ರ ಇಂಟರ್‌ನೆಟ್ ಬಂದು ಬಂದು ಹೋಗುತ್ತದೆ. ರೌಟರನ್ನು ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಿದ್ದು ಮತ್ತೆ ಹಾಗೆಯೇ ಆಗುತ್ತದೆ. ಗ್ರಾಹಕರು ಇಂಟರ್‌ನೆಟ್ ಕಂಪನಿಯ ಲೈನನ್ನು ದೂರುತ್ತಾರೆ. ಲೈನಿನಲ್ಲಿ ದೋಷವಿದ್ದರೆ ಎಲ್ಲ ಉಪಕರಣಗಳೂ ಒಟ್ಟಿಗೆ ನಿಲ್ಲಬೇಕು. ಕೆಲವು ಮಾತ್ರ ಸರದಿಯಂತೆ ನಿಲ್ಲುತ್ತಿದ್ದರೆ, ಜಾಲದ ಪ್ರತಿ ಉಪಕರಣಕ್ಕೂ ಬೇರೆಬೇರೆ ಇರಬೇಕಾದ ಸಂಖ್ಯೆಯಾದ ಐಪಿ ವಿಳಾಸವನ್ನು, ಒಂದನ್ನೇ ಎರಡು ಉಪಕರಣಗಳು ಹಿಡಿದುಕೊಂಡಿವೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಸರದಿಯಂತೆ ನಿಲ್ಲುವುದಕ್ಕೆ ಕಾರಣವಿದೆ. ಜಾಲದೊಳಗೆ ಒಂದು ವಿಳಾಸಕ್ಕೆ ಮಾಹಿತಿ ತಲುಪಿಸುವ ಮೊದಲು ರೌಟರ್ ‘ಈ ವಿಳಾಸ ಯಾರದು’ ಎಂದು ಎಲ್ಲರನ್ನೂ ಕೇಳುತ್ತದೆ. ಉತ್ತರಿಸಿದ ಉಪಕರಣದ ಮ್ಯಾಕ್ ವಿಳಾಸವನ್ನು, ಅಂದರೆ ಅದರ ಯಂತ್ರಾಂಶಕ್ಕೆ ತಯಾರಕರು ಕೊಟ್ಟ ಗುರುತನ್ನು, ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಎಆರ್‌ಪಿ ಎಂಬ ಈ ವಿಧಾನ 1982ರಷ್ಟು ಹಳೆಯದು, ಉತ್ತರಿಸಿದವರನ್ನು ನಂಬುವುದೇ ಅದರ ಸ್ವಭಾವ. ಇಬ್ಬರು ಉತ್ತರಿಸಿದಾಗ ಸಾಮಾನ್ಯವಾಗಿ ಕೊನೆಯ ಉತ್ತರ ಉಳಿಯುವುದರಿಂದ, ಸಂಪರ್ಕ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಸಿಗುತ್ತದೆ.

ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಮೂಲಕ ರೌಟರ್ ತಾನೇ ವಿಳಾಸ ಹಂಚುವಾಗ, ಕೊಟ್ಟದ್ದರ ಲೆಕ್ಕ ಅದರ ಬಳಿ ಇರುವವರೆಗೆ, ಒಂದನ್ನು ಇಬ್ಬರಿಗೆ ಕೊಡುವುದಿಲ್ಲ. ಆದ್ದರಿಂದ ಘರ್ಷಣೆ ಕಂಡಲ್ಲೆಲ್ಲ ನಾನು ಹುಡುಕುವುದು, ರೌಟರಿಗೆ ತಿಳಿಯದಂತೆ ವಿಳಾಸ ಹಿಡಿದವರು ಯಾರು ಎಂಬುದನ್ನೇ.

ಮೊದಲ ಅನುಮಾನ ಸಿಸಿಟಿವಿಯ ಡಿವಿಆರ್, ಪ್ರಿಂಟರ್ ಮತ್ತು ಬೆರಳಚ್ಚಿನ ಹಾಜರಾತಿ ಯಂತ್ರಗಳ ಮೇಲೆ. ಅವನ್ನು ಅಳವಡಿಸಲು ಬಂದವರು 192.168.1.50 ಎಂದೇನೋ ಒಂದು ಸ್ಥಿರ ವಿಳಾಸವನ್ನು ಯಂತ್ರದಲ್ಲೇ ಹಾಕಿ ಹೋಗಿರುತ್ತಾರೆ. ರೌಟರ್ ಕೊನೆಯ ಸಂಖ್ಯೆ 2ರಿಂದ 254ರವರೆಗಿನ ಎಲ್ಲ ವಿಳಾಸಗಳನ್ನೂ ಹಂಚುವಂತಿದ್ದರೆ, ಯಂತ್ರ ಆಫ್ ಆಗಿದ್ದ ಹೊತ್ತಿನಲ್ಲಿ ಅದೇ 50 ಯಾರದೋ ಮೊಬೈಲಿಗೆ ಹೋಗಬಹುದು. ಹಂಚಿಕೆಯನ್ನು 100ರಿಂದ 200ರವರೆಗೆ ಮಿತಿಗೊಳಿಸಿ, ಸ್ಥಿರ ವಿಳಾಸಗಳನ್ನೆಲ್ಲ ಅದರ ಕೆಳಗೆ ಇಡುವುದು ಒಂದು ದಾರಿ. ಅದಕ್ಕಿಂತ ಒಳ್ಳೆಯದೆಂದು ನಾನು ನಂಬಿರುವುದು, ಯಂತ್ರದಲ್ಲಿ ಏನನ್ನೂ ಹಾಕದೆ, ಅದರ ಮ್ಯಾಕ್ ವಿಳಾಸಕ್ಕೆ ರೌಟರಿನಲ್ಲೇ ಒಂದು ಐಪಿಯನ್ನು ಕಾಯ್ದಿರಿಸುವುದು. ಆಗ ಎಲ್ಲ ವಿಳಾಸಗಳ ಲೆಕ್ಕವೂ ಒಂದೇ ಕಡೆ ಇರುತ್ತದೆ. ಮೊಬೈಲುಗಳಿಗೆ ಹೀಗೆ ಕಾಯ್ದಿರಿಸುವಾಗ ಒಂದು ಎಚ್ಚರ ಬೇಕು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ ಬದಲು ಕೃತಕವಾದದ್ದನ್ನು ಕೊಡುತ್ತವೆ, ಆ ಜಾಲಕ್ಕೆ ಸೀಮಿತವಾಗಿ ಅದನ್ನು ನಿಲ್ಲಿಸದಿದ್ದರೆ ಕಾಯ್ದಿರಿಸಿದ ಐಪಿ ಸಿಗದೆ ಹೋಗಬಹುದು.

ಎರಡನೆಯ ಕಾರಣ ಹೆಚ್ಚು ಹಾನಿ ಮಾಡುವಂಥದ್ದು, ಬಿಟಿಎಂ ಲೇಔಟಿನಂಥ ಕಡೆಯ ಬಹುಮಹಡಿ ಪಿಜಿಗಳಲ್ಲಿ ಇದು ಸುಲಭವಾಗಿ ಹುಟ್ಟಿಕೊಳ್ಳುತ್ತದೆ. ಮೇಲಿನ ಮಹಡಿಗೆ ಸಿಗ್ನಲ್ ಸಾಲದೆಂದು ಮಾಲೀಕರು ಹಳೆಯ ರೌಟರೊಂದನ್ನು ತಂದು, ಕೆಳಗಿನ ರೌಟರಿನ ಕೇಬಲನ್ನು ಒಳಜಾಲದ ಉಪಕರಣಗಳಿಗೆಂದಿರುವ ಅದರ ಲ್ಯಾನ್ ಪೋರ್ಟಿಗೆ ಚುಚ್ಚುತ್ತಾರೆ. ಈಗ ಒಂದೇ ಜಾಲದಲ್ಲಿ ವಿಳಾಸ ಹಂಚುವವರು ಇಬ್ಬರಾದರು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದು. ಎರಡೂ ಕಾರ್ಖಾನೆಯಿಂದಲೇ 192.168.1.1 ಎಂಬ ವಿಳಾಸ ಹೊತ್ತು ಬಂದಿದ್ದರಂತೂ, ಹೊರಗೆ ಹೋಗುವ ಬಾಗಿಲಾದ ಗೇಟ್‌ವೇಯ ವಿಳಾಸವೇ ಇಬ್ಬರದಾಗಿ ಇಡೀ ಕಟ್ಟಡದ ಸಂಪರ್ಕ ಕೆಡುತ್ತದೆ. ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ವಿಳಾಸ ಹಂಚದೆ ವೈಫೈ ಸಿಗ್ನಲ್ ಮಾತ್ರ ಕೊಡುವಂತೆ, ಬದಲಿಸುವುದೇ ಪರಿಹಾರ. ಆ ಆಯ್ಕೆ ಇಲ್ಲದ ಹಳೆಯ ಮಾದರಿಯಾದರೆ ಅದನ್ನು ಜಾಲದಿಂದ ಬೇರ್ಪಡಿಸಿ ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ, ಮೊದಲು ಅದರ ವಿಳಾಸವನ್ನು ಹಂಚಿಕೆಯ ಹೊರಗಿನ 192.168.1.2ಕ್ಕೆ ಬದಲಿಸಬೇಕು, ನಂತರ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಬೇಕು, ಆಮೇಲಷ್ಟೇ ಕೇಬಲ್ ಚುಚ್ಚಬೇಕು. ಡಿಎಚ್‌ಸಿಪಿಯನ್ನು ಮೊದಲೇ ನಿಲ್ಲಿಸಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ಸೆಟ್ಟಿಂಗ್ ಪುಟವೇ ತೆರೆಯದಿರಬಹುದು.

ಕರೆಂಟ್ ಹೋಗಿಬರುವುದೂ ಒಂದು ಕಾರಣ. ಕೊಟ್ಟ ವಿಳಾಸಗಳ ಪಟ್ಟಿಯನ್ನು ಹಲವು ಅಗ್ಗದ ರೌಟರುಗಳು ಆಫ್ ಆದಾಗ ಕಳೆದುಕೊಳ್ಳುತ್ತವೆ. ಕಂಪ್ಯೂಟರುಗಳೂ ಆಕ್ಸೆಸ್ ಪಾಯಿಂಟ್‌ಗಳೂ ಯುಪಿಎಸ್ ಮೇಲಿದ್ದು ರೌಟರ್ ಮಾತ್ರ ಹೊರಗಿದ್ದರೆ, ಕಂಪ್ಯೂಟರುಗಳು ಹಳೆಯ ವಿಳಾಸವನ್ನೇ ಬಳಸುತ್ತಿರುತ್ತವೆ, ಎಲ್ಲವನ್ನೂ ಮರೆತ ರೌಟರ್ ಅದನ್ನೇ ಹೊಸಬರಿಗೆ ಕೊಡಬಹುದು. ಕೊಡುವ ಮೊದಲು ಪಿಂಗ್ ಮಾಡಿ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದಾರೆಯೇ ಎಂದು ಸಣ್ಣ ಸಂದೇಶ ಕಳಿಸಿ, ನೋಡುವ ರೌಟರುಗಳಿವೆ, ಆದರೆ ಫೈರ್‌ವಾಲ್ ಪಿಂಗನ್ನು ತಡೆದಿದ್ದರೆ ಅಥವಾ ಉಪಕರಣ ಸ್ಲೀಪ್‌ನಲ್ಲಿದ್ದರೆ ಉತ್ತರ ಬರುವುದಿಲ್ಲ. ದಿನವೂ ರೌಟರನ್ನು ಆಫ್ ಮಾಡಿ ಆನ್ ಮಾಡುವ ಅಭ್ಯಾಸ ಇಂಥ ಕಚೇರಿಗಳಲ್ಲಿ ತೊಂದರೆಯನ್ನು ಹೆಚ್ಚಿಸುವುದು ಹೀಗೆ. ಯುಪಿಎಸ್ ಮೇಲೆ ಮೊದಲು ಇರಬೇಕಾದದ್ದು ರೌಟರ್.

ಘರ್ಷಣೆಯನ್ನು ಖಚಿತಪಡಿಸಿಕೊಳ್ಳಲು ಹೆಚ್ಚಿನ ಸಲಕರಣೆ ಬೇಕಿಲ್ಲ. ತೊಂದರೆಯಿರುವ ಉಪಕರಣದ ಐಪಿಯನ್ನು ಬರೆದುಕೊಂಡು, ಅದರ ವೈಫೈ ಆಫ್ ಮಾಡಿ, ಬೇರೊಂದು ಕಂಪ್ಯೂಟರಿನಿಂದ ಆ ಐಪಿಗೆ ಪಿಂಗ್ ಮಾಡಬೇಕು. ಆಗಲೂ ಉತ್ತರ ಬಂದರೆ ಇನ್ನೊಬ್ಬರು ಅದೇ ವಿಳಾಸದಲ್ಲಿ ಇದ್ದಾರೆ ಎಂದರ್ಥ. ಉತ್ತರ ಬಾರದಿದ್ದರೂ ಕಂಪ್ಯೂಟರಿನ ಎಆರ್‌ಪಿ ಪಟ್ಟಿಯನ್ನು ಅಳಿಸಿ, ಇನ್ನೊಮ್ಮೆ ಪಿಂಗ್ ಮಾಡಿ, ಪಟ್ಟಿಯನ್ನು ತೆರೆದು ನೋಡಬೇಕು. ಪಿಂಗನ್ನು ತಡೆಯುವ ಉಪಕರಣವೂ ಎಆರ್‌ಪಿಗೆ ಉತ್ತರಿಸುವುದರಿಂದ ಅದರ ಮ್ಯಾಕ್ ವಿಳಾಸ ಅಲ್ಲಿ ಕಾಣುತ್ತದೆ. ಅಂಕಿಗಳ ಜೊತೆ ಎಯಿಂದ ಎಫ್‌ವರೆಗಿನ ಅಕ್ಷರಗಳನ್ನೂ ಅಂಕಿಗಳಾಗಿ ಬಳಸುವ ಆ ವಿಳಾಸದ ಮೊದಲ 6 ಅಂಕಿಗಳು ತಯಾರಕರ ಗುರುತು, ಅದು ಕ್ಯಾಮೆರಾ ಕಂಪನಿಯದೋ ಪ್ರಿಂಟರ್ ಕಂಪನಿಯದೋ ಎಂದು ಅದರಿಂದಲೇ ತಿಳಿಯುತ್ತದೆ. ಎರಡನೆಯ ಅಂಕಿ 2, 6, ಎ ಅಥವಾ ಇ ಆಗಿದ್ದರೆ ಅದು ಬಹುತೇಕ ಕೃತಕ ವಿಳಾಸ ಕೊಟ್ಟ ಫೋನು. ಉಪಕರಣದ ಐಪಿಯೇ 169.254ರಿಂದ ಆರಂಭವಾಗಿದ್ದರೆ ಸಮಸ್ಯೆ ಸಾಮಾನ್ಯವಾಗಿ ಬೇರೆ: ಡಿಎಚ್‌ಸಿಪಿ ಅದಕ್ಕೆ ಉತ್ತರಿಸಿಲ್ಲ, ಅಥವಾ ಹಂಚಲು ವಿಳಾಸಗಳೇ ಉಳಿದಿಲ್ಲ. ದಿನಕ್ಕೆ ನೂರಾರು ಜನ ಬಂದುಹೋಗುವ ಹೋಟೆಲಿನಲ್ಲಿ ಕೊಟ್ಟ ವಿಳಾಸ ಒಬ್ಬರ ಹೆಸರಲ್ಲಿ ಉಳಿಯುವ ಅವಧಿಯನ್ನು 24 ಗಂಟೆಯಿಂದ 2 ಗಂಟೆಗೆ ಇಳಿಸಿದರೆ ಅದು ಪರಿಹಾರವಾಗುತ್ತದೆ.

ಹೊಸ ಕ್ಯಾಮೆರಾವನ್ನೋ ಪ್ರಿಂಟರನ್ನೋ ಅಳವಡಿಸಿದವರಿಗೆ ಹಣ ಕೊಡುವ ಮೊದಲು, ಅದಕ್ಕೆ ಯಾವ ಐಪಿ ಹಾಕಿದಿರಿ ಎಂದು ಕೇಳಿ, ಮ್ಯಾಕ್ ವಿಳಾಸದ ಜೊತೆ ಬರೆಸಿಕೊಳ್ಳಿ. ಅದೇ ದಿನ ರೌಟರಿನಲ್ಲಿ ಆ ಐಪಿಯನ್ನು ಅದರ ಹೆಸರಿಗೆ ಕಾಯ್ದಿರಿಸಿ.