ಮೂಲೆ ಹಿಡಿದು ಎಳೆದ ಚೀಲ

ವಾರ್ಷಿಕ ವರದಿಗೆ, ರೈತರ ಸಭೆಯ ಫ್ಲೆಕ್ಸ್‌ಗೆ ಅಂಕಿಅಂಶದ ಚಿತ್ರ ಮಾಡಿಸಲು ಬರುವವರು ಬಣ್ಣದ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ದಾವಣಗೆರೆ ಸೀಮೆಯಲ್ಲಿ ಎಡವಟ್ಟಾಗುವುದು ಬಣ್ಣದಲ್ಲಲ್ಲ, ಮೆಕ್ಕೆಜೋಳದ ಚೀಲದಲ್ಲಿ.

ಹೋದ ವರ್ಷ ಬೆಳೆ 20 ಕ್ವಿಂಟಲ್, ಈ ವರ್ಷ 40 ಎಂದುಕೊಳ್ಳಿ. ಮೊದಲ ಚೀಲದ ಎತ್ತರ 2 ಇಂಚು. ಅದನ್ನೇ ಕೋರೆಲ್‌ಡ್ರಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕಾಪಿ ಮಾಡಿ, ಮೂಲೆ ಹಿಡಿದು 4 ಇಂಚಿಗೆ ಎಳೆಯುತ್ತಾರೆ. ಮೂಲೆ ಎಳೆದಾಗ ಎತ್ತರದ ಜೊತೆ ಅಗಲವೂ ದುಪ್ಪಟ್ಟಾಗುತ್ತದೆ. ಅಂದರೆ ಕಾಗದದ ಮೇಲೆ ಚೀಲ ಹಿಡಿಯುವ ಜಾಗ ನಾಲ್ಕು ಪಟ್ಟು. ನೆರಳು ಕೊಟ್ಟು ಉಬ್ಬಿಸಿದ್ದರಂತೂ ಅದನ್ನು ನಿಜವಾದ ಚೀಲದಂತೆ ಅಂದಾಜು ಮಾಡುವವರಿಗೆ ಎಂಟು ಪಟ್ಟು. ಬೆಳೆ ಎರಡು ಪಟ್ಟು, ಚಿತ್ರ ಎಂಟು ಪಟ್ಟು! "ಕೆಳಗೆ 40 ಅಂತ ಬರೆದಿದೆಯಲ್ಲ ಸಾರ್" ಅನ್ನುತ್ತಾರೆ. ಬೈಕ್ ಮೇಲೆ ಹೋಗುವವರ ಕಣ್ಣಿಗೆ ಬೀಳುವುದು ಚೀಲ, ಆ 40 ಅಲ್ಲ.

ಒಂದೇ ಚೀಲವನ್ನು ದೊಡ್ಡದು ಮಾಡಲೇಬೇಕೆಂದರೆ ವರ್ಗಮೂಲ ಹಿಡಿಯಿರಿ. ಎರಡು ಪಟ್ಟಿಗೆ 1.41, ಮೂರು ಪಟ್ಟಿಗೆ 1.73. 2 ಇಂಚಿನ ಚೀಲ 2.8 ಇಂಚಾದರೆ ಸಾಕು. ಇದನ್ನೂ ಪೂರ್ತಿ ನಂಬಬೇಡಿ. ವಿಸ್ತೀರ್ಣ ಅಳೆಯುವುದರಲ್ಲಿ ಕಣ್ಣು ಅಷ್ಟು ಚುರುಕಲ್ಲ, ಉದ್ದವನ್ನು ಹೋಲಿಸುವುದರಲ್ಲಿ ವಾಸಿ. ಅದಕ್ಕೇ ಒಂದೇ ಅಳತೆಯ ಚೀಲಗಳನ್ನು ಸಾಲಾಗಿ ಇಡುವುದು ಮೇಲು. ಒಂದು ಚೀಲಕ್ಕೆ 10 ಕ್ವಿಂಟಲ್ ಅಂತ ಮೂಲೆಯಲ್ಲಿ ಬರೆದು, ಹೋದ ವರ್ಷಕ್ಕೆ ಎರಡು, ಈ ವರ್ಷಕ್ಕೆ ನಾಲ್ಕು. 5 ಕ್ವಿಂಟಲ್‌ಗೆ ಅರ್ಧ ಕತ್ತರಿಸಿದ ಚೀಲ. ಒಂದು ಸಾಲಿಗೆ ಹತ್ತು-ಹನ್ನೆರಡು ದಾಟಿದರೆ ಯಾರೂ ಎಣಿಸುವುದಿಲ್ಲ, ಆಗ ಒಂದು ಚೀಲಕ್ಕೆ ಇಷ್ಟು ಕ್ವಿಂಟಲ್ ಎಂಬ ಲೆಕ್ಕವನ್ನು ಏರಿಸಿ. ಇದು ಹೊಸ ಉಪಾಯವೇನಲ್ಲ. 1925ರಲ್ಲಿ ವಿಯೆನ್ನಾದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯ ಕಟ್ಟಿದ ಒಟ್ಟೊ ನ್ಯೂರಾತ್ ಹಾಕಿಕೊಟ್ಟ ಕಟ್ಟಳೆಯೇ ಇದು: ಪ್ರಮಾಣ ಹೆಚ್ಚಾದರೆ ಗುರುತುಗಳ ಸಂಖ್ಯೆ ಹೆಚ್ಚಲಿ, ಗಾತ್ರವಲ್ಲ.

ಅಕ್ಷರದ ವಿಷಯ ಬೇಗ ಮುಗಿಸುತ್ತೇನೆ. ನೋಡುವ ದೂರ 10 ಅಡಿಗೆ ಅಕ್ಷರದ ಎತ್ತರ 1 ಇಂಚು ಎಂಬ ಲೆಕ್ಕ ಇಂಗ್ಲಿಷಿನದು. ನಮ್ಮ ಒತ್ತಕ್ಷರ ಅದರಲ್ಲಿ ಮಸಿ ಮೆತ್ತಿದಂತಾಗುತ್ತದೆ, ಸ್ವಲ್ಪ ಹೆಚ್ಚಿಗೆ ಕೊಡಿ. ಸಾಲಿನ ಅಂತರವನ್ನೂ ಬಿಡಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ನುಡಿ ಫಾಂಟ್ ಇದ್ದರೆ ಕರ್ವ್ ಮಾಡಿ, ಅಂದರೆ ಅಕ್ಷರಗಳನ್ನು ಗೆರೆಚಿತ್ರವಾಗಿಸಿ ಕಳಿಸಿ.

ಚೀಲದ ತಪ್ಪೇ ತಲೆಕೆಳಗಾಗಿ ಕಾಣುವುದು ವಾಣಿ ವಿಲಾಸ ಸಾಗರದ ಚಿತ್ರಗಳಲ್ಲಿ. ಹಿರಿಯೂರು ತಾಲ್ಲೂಕಿನ ಈ ಮಾರಿಕಣಿವೆ ಜಲಾಶಯದ ಪೂರ್ಣ ಮಟ್ಟ 130 ಅಡಿ, ಸಾಮರ್ಥ್ಯ 30 ಟಿಎಂಸಿ (ಸಾವಿರ ಮಿಲಿಯನ್ ಘನ ಅಡಿ). 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗಿನಿಂದ ಇದರ ಮಟ್ಟದ ಚಿತ್ರ ಎಲ್ಲರಿಗೂ ಬೇಕು. ನೆಟ್ಟಗಿನ ತೊಟ್ಟಿ ಬರೆದು, 65 ಅಡಿ ಅಂದರೆ ಅರ್ಧಕ್ಕೆ ನೀಲಿ ಬಳಿಯುತ್ತಾರೆ. ಕಣಿವೆ ತೊಟ್ಟಿಯಲ್ಲ ಮಾರಾಯರೇ! ತಳದಲ್ಲಿ ಇಕ್ಕಟ್ಟು, ಮೇಲೆ ಹೋದಂತೆ ಅಗಲ. ಅರ್ಧ ಎತ್ತರಕ್ಕೆ ಇರುವ ನೀರು 15 ಟಿಎಂಸಿಗಿಂತ ಬಹಳ ಕಡಿಮೆ. ಕೊನೆಯ ಹತ್ತು ಅಡಿಯಲ್ಲಿ ನಿಲ್ಲುವ ನೀರು ಮೊದಲ ಹತ್ತು ಅಡಿಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ತೊಟ್ಟಿಯ ಚಿತ್ರ ನಂಬಿ ಬೇಸಿಗೆ ಬೆಳೆಗೆ ನೀರು ಸಿಕ್ಕೀತು ಎಂದು ಯಾರಾದರೂ ಅಂದಾಜು ಹಾಕಿದರೆ ಕಷ್ಟ.

ಹಾಗಾಗಿ ಎರಡು ಪಟ್ಟಿ ಹಾಕಿ. ಎಡಕ್ಕೆ ಅಡಿಯ ಅಳತೆಗೋಲು, ಅದರಲ್ಲಿ ಒಂದು ಗೆರೆ ಸಾಕು, ನೀಲಿ ಬೇಡ. ಬಲಕ್ಕೆ ಸೊನ್ನೆಯಿಂದ 30 ಟಿಎಂಸಿವರೆಗಿನ ಪಟ್ಟಿ, ನೀಲಿ ತುಂಬುವುದು ಅಲ್ಲಿ ಮಾತ್ರ. ಯಾವ ಅಡಿಗೆ ಎಷ್ಟು ಟಿಎಂಸಿ ಎಂಬ ಕೋಷ್ಟಕವನ್ನು ಜಲಾಶಯದ ಎಂಜಿನಿಯರರ ಕಚೇರಿಯಲ್ಲಿ ಕೇಳಿ ತನ್ನಿ, ಭಾಗಾಕಾರ ಮಾಡಲು ಹೋಗಬೇಡಿ.