ಪದ ಪರಿಚಯ: ತೇಪೆ, ಅಟ್ಟದ ಸಮೇತ

ಪೇಪರ್‌ನಲ್ಲಿ ‘ತೇಪೆ’ ಅಂತ ಬಂದರೆ ಅದು ಹೆಚ್ಚಾಗಿ ಬೈಗುಳವೇ. ರಸ್ತೆ ಗುಂಡಿಗೆ ಒಂದು ಬುಟ್ಟಿ ಜಲ್ಲಿ ಸುರಿದು ಹೋದರೆ ತೇಪೆ ಹಚ್ಚಿದರು ಅಂತಾರೆ. ಪಕ್ಷದೊಳಗೆ ಜಗಳವಾಗಿ ದೊಡ್ಡವರು ಬಂದು ಕೂತು ಸಮಾಧಾನ ಮಾಡಿದರೆ ಅದೂ ತೇಪೆ ಹಚ್ಚುವ ಕೆಲಸ. ಇವತ್ತು ಮುಚ್ಚಿದ್ದು ನಾಳೆ ಬಿಚ್ಚಿಕೊಳ್ಳುತ್ತದೆ ಅಂತ ಅರ್ಥ. ಪಾಪ, ಹಾಕಲು ಬಾರದವರು ಹಾಕಿದ ತೇಪೆಯಿಂದ ಪದಕ್ಕೇ ಕೆಟ್ಟ ಹೆಸರು ಬಂತು.

ತೇಪೆ ಅಂದರೆ ಹರಿದ ಬಟ್ಟೆಯ ಮೇಲಿಟ್ಟು ಹೊಲಿಯುವ ಇನ್ನೊಂದು ಬಟ್ಟೆಯ ತುಂಡು. ಅಷ್ಟೇ. ಆಡುಮಾತಿನಲ್ಲಿ ತ್ಯಾಪೆ. ರಫು ಬೇರೆ, ಅದರಲ್ಲಿ ತುಂಡು ಇಲ್ಲ, ತೂತಿನ ಮೇಲೆ ದಾರದಲ್ಲೇ ನೇಯ್ದ ಹಾಗೆ ಹೊಲಿಯುತ್ತಾರೆ. ಬೆಸುಗೆ ಲೋಹಕ್ಕೆ. ಕಲಾಯಿ ಅಂದರೆ ತಾಮ್ರ, ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿಯುವುದು, ಹುಳಿ ಹಾಕಿದ ಅಡುಗೆಗೆ ಕಿಲುಬು ಸೇರದಿರಲಿ ಅಂತ. ತೇಪೆಗೆ ಮಾತ್ರ ಬೇರೆ ಕಡೆಯಿಂದ ಒಂದು ತುಂಡು ಬೇಕೇ ಬೇಕು. ಅದು ಬರುವುದು ಇನ್ನೊಂದು ಹಾಳಾದ ಸಾಮಾನಿನಿಂದ.

ಅದ್ಯಾಕೆ ಹಾಳಾದದ್ದೇ ಆಗಬೇಕು, ಹೊಸದು ತಂದರಾಗದಾ? ಹಳೇ ಕಾಟನ್ ಪಂಚೆಗೆ ಅಂಗಡಿಯ ಹೊಸ ಕಾಟನ್ ಹಾಕಿ ನೋಡಿ. ಒಂದೆರಡು ಒಗೆತಕ್ಕೇ ಹೊಸ ತುಂಡು ಕುಗ್ಗುತ್ತದೆ, ಸುತ್ತಲಿನ ಸವೆದ ಎಳೆಗಳನ್ನು ಎಳೆಯುತ್ತದೆ, ಬೆರಳು ಹೋಗುತ್ತಿದ್ದ ತೂತಿನಲ್ಲಿ ಕೈ ಹೋಗುತ್ತದೆ. ಹತ್ತಾರು ಸಲ ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿ ಸುಮ್ಮನಾಗಿರುತ್ತದೆ. ಅಜ್ಜಿಯರು ಹರಕು ಬಟ್ಟೆ ಗಂಟು ಕಟ್ಟಿ ಇಡುತ್ತಿದ್ದದ್ದು ಜಿಪುಣತನಕ್ಕೆ ಮಾತ್ರ ಅಲ್ಲ. (ಜಿಪುಣತನವೂ ಇತ್ತು ಅನ್ನಿ.)

ನನಗಿದು ತಲೆಗೆ ಹೋದದ್ದು ಬಟ್ಟೆಯಿಂದಲ್ಲ, ಹಂಚಿನಿಂದ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ‘ಹಂಚು ಕೈಯಾಡಿಸುವುದು’ ಅಂತ ಒಂದು ಕೆಲಸ ಇದೆ. ಮಾಡು ಹತ್ತಿ ಒಡೆದದ್ದು ತೆಗೆದು, ಜಾರಿದ್ದು ಸರಿಸಿ, ಸಂದಿಯ ತರಗೆಲೆ ಗುಡಿಸಿ ಇಳಿಯುವುದು. ಒಡೆಯುವವರು ಯಾರು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮಂಗ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಆಮೇಲೆ ಬೇರೆಯವರದ್ದೂ ಎಷ್ಟೋ ಬಂದವು, ಹಂಚಿನ ಅಡಿಯಲ್ಲಿ ಆಯಾ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದು ಸುಮ್ನೆ ಜಾಹೀರಾತು ಅಂತ ನಾನು ತಿಳಿದಿದ್ದೆ. ಒಂದು ವರ್ಷ ಶಿವಮೊಗ್ಗದಿಂದ 12 ಹೊಸ ಹಂಚು ತಂದು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಗೆ ಹಾಕಿಸಿದೆ. ಕೆಂಪಗೆ ಚೆಂದ ಕಾಣುತ್ತಿತ್ತು. ಜುಲೈನಲ್ಲಿ ಗಾಳಿ ಸಮೇತ ಮಳೆ ಹೊಡೆದ ರಾತ್ರಿ ಸರಿಯಾಗಿ ಆ ಹನ್ನೆರಡರ ಕೆಳಗೇ ತಟಪಟ. ಅಚ್ಚು ಬೇರೆ ಆದರೆ ಹಂಚಿನ ಕಚ್ಚು ಒಂದಕ್ಕೊಂದು ಕೂರುವುದಿಲ್ಲ, ಕೂದಲೆಳೆ ಸಂದಿ ಬಿಟ್ಟರೂ ನಮ್ಮ ಮಳೆಗೆ ಸಾಕು. ಮರುವರ್ಷ ಪಕ್ಕದ ಊರಲ್ಲಿ ಹಳೇ ಮನೆ ಕಿತ್ತು ಆರ್‌ಸಿಸಿ ಕಟ್ಟುತ್ತಿದ್ದವರ ಅಂಗಳದ ರಾಶಿಯಲ್ಲಿ, ಒಂದೊಂದನ್ನೂ ಮಗುಚಿ ಹೆಸರು ಓದಿ, ನಮ್ಮ ಅಚ್ಚಿನದೇ ಹುಡುಕಿ ತಂದೆವು. ಪಾಚಿ ಕಟ್ಟಿದ ಕರೀ ಹಂಚು. ಕಚ್ಚಿ ಕೂತಿತು.

ಆ ರಾತ್ರಿ ಸೋರುವ ಜಾಗಕ್ಕೆ ಇಟ್ಟ ಬಕೆಟ್ಟೂ ನನ್ನ ರಿಪೇರಿಯದೇ. ಬೆಳಿಗ್ಗೆ ತುಂಬಿದ್ದನ್ನು ಎತ್ತಿದೆ, ತೇಪೆ ಸಿಪ್ಪೆ ಹಾಗೆ ಎದ್ದು ನೀರೆಲ್ಲ ಕಾಲ ಮೇಲೆ. ಪ್ಲಾಸ್ಟಿಕ್‌ಗೂ ಜಾತಿ ಇದೆ ಕಣ್ರೀ. ಎಷ್ಟೋ ಪ್ಲಾಸ್ಟಿಕ್ ಸಾಮಾನಿನ ಅಡಿಯಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಅಂದರೆ ಎಚ್‌ಡಿಪಿಇ, 5 ಅಂದರೆ ಪಾಲಿಪ್ರೊಪಿಲೀನ್. 5ಕ್ಕೆ 5ರ ತುಂಡನ್ನೇ ಇಟ್ಟು, ಕಾಯಿಸಿದ ಹಳೇ ಚಾಕುವಿನಲ್ಲಿ ಎರಡರ ಅಂಚನ್ನೂ ಕರಗಿಸಿ ಒತ್ತಿದರೆ ಒಂದಾಗುತ್ತವೆ. 5ಕ್ಕೆ 2 ಹಾಕಿದರೆ ಅಂಟಿದ ಹಾಗೆ ನಾಟಕ ಆಡುತ್ತದೆ. ಜಗಲಿಯಲ್ಲಿ, ಗಾಳಿಯಾಡುವ ಕಡೆ ಮಾಡಿ, ಆ ಹೊಗೆ ಕುಡಿಯಬಾರದು.

ಇಷ್ಟಾದ ಮೇಲೆ ನಮ್ಮ ಅಟ್ಟ ಬೇರೆಯೇ ಕಾಣತೊಡಗಿತು. ಹಿಡಿ ಮುರಿದ ಕೊಡೆಗಳು, ಒಂಟಿ ಬಾಗಿಲ ಕೀಲು, ಮುಚ್ಚಳವಿಲ್ಲದ ಕುಕ್ಕರ್, ಕುಕ್ಕರ್ ಇಲ್ಲದ ಮುಚ್ಚಳ. ಪೇಟೆಯಿಂದ ಬಂದವರಿಗೆ ಕಸ. ನಿಜ ಹೇಳಬೇಕಂದರೆ ಅರ್ಧಕ್ಕರ್ಧ ಕಸವೇ. ಆದರೆ ತೇಪೆಗೆ ಅದೇ ಜಾತಿಯ, ಅದೇ ವಯಸ್ಸಿನ ತುಂಡು ಬೇಕು ಅಂದರೆ ಅಟ್ಟ ಬಿಟ್ಟರೆ ಗುಜರಿ ಅಂಗಡಿಯೇ ಗತಿ. ನಾನೀಗ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ: ಕೈಯಲ್ಲಿ ಹಿಡಿದ ಸಾಮಾನು ಮನೆಯ ಯಾವ ವಸ್ತುವಿಗೆ ತೇಪೆ ಆಗುತ್ತದೆ ಅಂತ ತಕ್ಷಣ ಹೇಳಲು ಬಂದರೆ ಅಟ್ಟಕ್ಕೆ, ತಡವರಿಸಿದರೆ ಗುಜರಿಗೆ.

ಗುಜರಿಗೆ ಹಾಕುವ ಮೊದಲು ಒಂದು ಸಲ ಮಗುಚಿ ನೋಡಿ. ತುಂಬಾ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಜಾಸ್ತಿ ಹೊರೆ ಬಿದ್ದರೆ ಮೋಟಾರು ಸುಡದಿರಲಿ ಅಂತ ಅದು ಹೊರಗೆ ಜಿಗಿಯುತ್ತದೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಒತ್ತಿದರೆ ಎಷ್ಟೋ ಸಲ ಮತ್ತೆ ತಿರುಗುತ್ತದೆ. ಇದು ಗೊತ್ತಿಲ್ಲದೆ ನಮ್ಮ ಮನೆಯಿಂದಲೇ ಒಂದು ತೂಕಕ್ಕೆ ಹೋಗಿದೆ. ಸೀಲಿಂಗ್ ಫ್ಯಾನು ನಿಧಾನ ತಿರುಗಿದರೆ ಹಲವು ಸಲ ತಪ್ಪು ಕೆಪಾಸಿಟರ್‌ನದು, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು. ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ, ಅದರಲ್ಲಿ ಕರೆಂಟು ಉಳಿದಿರುತ್ತದೆ. ಇಲ್ಲಿ ಹಳೇದು ಹುಡುಕಬೇಡಿ, ಹೊಸದೇ ಸರಿ.

ತೇಪೆ ಹಾಕಲೇಬಾರದ ಸಾಮಾನೂ ಇವೆ. ಗ್ಯಾಸ್ ಪೈಪು, ಕುಕ್ಕರ್‌ನ ಸೇಫ್ಟಿ ವಾಲ್ವ್, ಸಿಪ್ಪೆ ಸುಲಿದ ವೈರು. ಅಲ್ಲಿ ಟೇಪು ಸುತ್ತುವುದು ತೇಪೆ ಅಲ್ಲ, ಪೇಪರ್‌ನವರು ಬೈಯುವುದು ಅದಕ್ಕೇ ಇರಬೇಕು.

ಅಂದ ಹಾಗೆ ಆ 12 ಹೊಸ ಹಂಚು ಈಗ ಅಟ್ಟದಲ್ಲಿವೆ. ಇಳಿಸುವಾಗ ಒಂದು ಒಡೆಯಿತು, ಹನ್ನೊಂದು ಅನ್ನಿ. ನಿಮ್ಮ ಮನೆ ಹಂಚು ಮಂಗ ಒಡೆದಿದ್ದರೆ ಮೊದಲು ಅಡಿಯ ಹೆಸರು ಓದಿಕೊಂಡು ಬನ್ನಿ.